ಕಸದ ಬುಟ್ಟಿಯ ಉಣ್ಣೆ

ನಲವತ್ತೊಂದು ಕುರಿ. ನಲವತ್ತೊಂದು ಅಂಗಿ. ಅಷ್ಟನ್ನೂ ಹೊಲಿದವಳು ನಾನು. ದಪ್ಪ ಬಟ್ಟೆ, ಎದೆಯ ಹತ್ತಿರ ಎರಡು ಪಟ್ಟಿ, ಹಿಂಗಾಲಿಗೆ ಎರಡು ಕುಣಿಕೆ. ಚಳಿಗಾಲವಿಡೀ ಕುರಿಗಳು ದೊಡ್ಡಿಯಲ್ಲೇ ಇರುತ್ತವೆ. ಹುಲ್ಲಿನ ಕಡ್ಡಿ, ಹಿಕ್ಕೆ, ಗಂಜಳ ಮೈಗೆ ಮೆತ್ತಿಕೊಳ್ಳದೆ ಉಣ್ಣೆ ಬೆಳ್ಳಗೆ ಉಳಿಯಲಿ ಎಂದು ಅವಕ್ಕೆ ಅಂಗಿ ತೊಡಿಸುವುದು ನಮ್ಮ ಯಜಮಾನಿಯ ಪದ್ಧತಿ. ಯಾವ ಕುರಿಯ ಅಂಗಿ ಹರಿದರೂ ಸಂಜೆಯೊಳಗೆ ತೇಪೆ ಬೀಳಬೇಕು. ನನ್ನ ಸ್ವೆಟರಿನ ಮೊಣಕೈ ಹರಿದು ಎರಡು ವರ್ಷವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ. ಕೇಳಲಿ ಎಂದು ನಾನೂ ಕಾದು ಕೂತಿರಲಿಲ್ಲ ಬಿಡಿ.

ಅಮ್ಮ ಮತ್ತು ನಾನು ದೊಡ್ಡಿಯ ಅಟ್ಟದ ಮೇಲಿದ್ದೆವು. ಕೆಳಗೆ ಕುರಿ, ಮೇಲೆ ನಾವು. ಕುರಿಗಳ ಉಸಿರಿನ ಬಿಸಿ ಹಲಗೆಯ ಸಂದಿಯಿಂದ ಮೇಲಕ್ಕೆ ಬರುತ್ತಿತ್ತು. ಅದೇ ನಮ್ಮ ಒಲೆ. ಕೆಲಸ ಇರುವವರೆಗೆ ಅಟ್ಟ, ಕೆಲಸ ಹೋದ ದಿನ ಅಟ್ಟವೂ ಹೋಯಿತು, ಹಾಗಂತ ಮೊದಲ ದಿನವೇ ಮಾತಾಗಿತ್ತು. ಅಪ್ಪ ಸತ್ತ ಮೇಲೆ ನಮಗೆ ಬೇರೆ ಸೂರಿರಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾವು ಮಾಡಿದ್ದನ್ನೆಲ್ಲ ಆ ಅಟ್ಟ ಉಳಿಸಿಕೊಳ್ಳುವುದಕ್ಕೇ ಮಾಡಿದೆವು.

ನನಗೆ ಮೂವತ್ತೆರಡು ವರ್ಷ. ಯಜಮಾನಿಗೂ ಹೆಚ್ಚುಕಡಿಮೆ ಅಷ್ಟೇ. ಅವಳು ನನ್ನನ್ನು ‘ಏ ಹುಡುಗಿ’ ಎಂದು ಕರೆಯುತ್ತಿದ್ದಳು, ನಾನು ಅವಳನ್ನು ‘ಅಮ್ಮಾವ್ರೇ’ ಎನ್ನುತ್ತಿದ್ದೆ. ಹನ್ನೊಂದು ವರ್ಷ ಬಹುವಚನ ಹಚ್ಚಿ ಹಚ್ಚಿ ನಾಲಿಗೆ ಸವೆದಿದೆ. ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ.

ಅವಳ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ ನಾವು. ನಮ್ಮ ಮೈಗೆ ಕುರಿ ವಾಸನೆಯಂತೆ. ಹಿತ್ತಿಲ ಬಾಗಿಲ ಹೊರಗೆ ಮೊಳೆಗೆ ನೇತುಹಾಕಿದ ಎರಡು ತಗಡಿನ ಲೋಟ ನಮ್ಮವು. ಅದರಲ್ಲಿ ಟೀ ಸುರಿದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಗಡಿನ ಅಂಚು ಚಳಿಗೆ ತುಟಿ ಕಚ್ಚಿ ಹಿಡಿಯುತ್ತಿತ್ತು. ಅದೇ ಕುರಿಯ ಉಣ್ಣೆಯ ಶಾಲು ಹೊದ್ದು ಅವಳು ಒಲೆಯ ಮುಂದೆ ಕೂರುತ್ತಿದ್ದಳು. ಆ ಶಾಲಿಗೆ ಮಾತ್ರ ವಾಸನೆ ಇರಲಿಲ್ಲ.

ಅಮ್ಮನ ಬಗ್ಗೆ ಹೇಳಬೇಕು. ಅಮ್ಮ ಉಣ್ಣೆ ಆರಿಸುವವಳು. ಕುರಿಯ ಮೈಯ ಉಣ್ಣೆಯೆಲ್ಲ ಒಂದೇ ತರ ಇರುವುದಿಲ್ಲ. ಕತ್ತಿನದು, ಭುಜದ್ದು ನುಣುಪು. ತೊಡೆಯದು ಒರಟು. ಬಾಲದ್ದು, ಹೊಟ್ಟೆಯದು ಕಸ. ಒಂದನೇ ತರ, ಎರಡನೇ ತರ, ಕಸ ಎಂದು ಮೂರು ಪಾಲು ಮಾಡಬೇಕು. ಕಣ್ಣಿಗೆ ಎಲ್ಲವೂ ಬಿಳಿ. ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಅಮ್ಮ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಎಳೆ ತಿಕ್ಕಿದರೆ ಸಾಕು, ಇದು ಯಾವ ಕುರಿಯದು, ಮೈಯ ಯಾವ ಕಡೆಯದು, ಆ ಕುರಿ ಕಳೆದ ವರ್ಷ ಜ್ವರ ಬಂದು ಮಲಗಿತ್ತೋ ಇಲ್ಲವೋ ಎಲ್ಲ ಹೇಳುತ್ತಿದ್ದಳು. ವರ್ಷಕ್ಕೊಮ್ಮೆ ಉಣ್ಣೆ ಕೊಳ್ಳಲು ಬರುತ್ತಿದ್ದ ಶಾಲಿನ ವ್ಯಾಪಾರಿ ಅವಳಿಗೆ ಬೆರಳಮ್ಮ ಎಂದು ಹೆಸರಿಟ್ಟಿದ್ದ. ಅವಳ ಕಣ್ಣಿಗೆ ಕರವಸ್ತ್ರ ಕಟ್ಟಿ, ಹಿಂಡಿನ ಅವೇ ಐದು ಕುರಿಗಳ ಮೈಯಿಂದ ಒಂದೊಂದು ಚಿಟಿಕೆ ಉಣ್ಣೆ ಕತ್ತರಿಸಿ ಕೊಟ್ಟು ಹೇಳಿಸುವುದು ಅವನ ಆಟ. ಅಮ್ಮ ಒಮ್ಮೆಯೂ ತಪ್ಪಿರಲಿಲ್ಲ. ಅವಳು ಹೇಳಿದ ಮೇಲೆ ವ್ಯಾಪಾರಿ ಮೂಟೆ ಬಿಚ್ಚಿ ನೋಡುತ್ತಲೇ ಇರಲಿಲ್ಲ. ಬೆರಳಮ್ಮ ಆರಿಸಿದ್ದಕ್ಕೆ ಮತ್ತೇನು ನೋಡುವುದು ಎನ್ನುತ್ತಿದ್ದ. ಯಜಮಾನಿ ಪಕ್ಕದಲ್ಲಿ ನಿಂತು ತನ್ನದೇ ಬೆರಳು ಅನ್ನುವ ಹಾಗೆ ನಗುತ್ತಿದ್ದಳು.

ಈ ಚಳಿಗಾಲದ ಶುರುವಿಗೆ ವ್ಯಾಪಾರಿಯಿಂದ ಒಂದು ಶಾಲು ವಾಪಸ್ಸು ಬಂತು. ಬಿಳಿ ಶಾಲಿನ ನಡುವೆ ಒಂದು ಕೆಂಪು ಎಳೆ. ಉಣ್ಣೆಯಲ್ಲೇ ಸೇರಿಕೊಂಡು ಬಂದದ್ದು. ಯಜಮಾನಿ ಶಾಲು ಹಿಡಿದುಕೊಂಡು ದೊಡ್ಡಿಗೆ ಬಂದಳು. ಅಮ್ಮನ ಕೈಯಲ್ಲಿ ಸಂತೆಯಿಂದ ತಂದ ಕೆಂಪು ಕೈಗವಸಿತ್ತು. ಅಪ್ಪ ಕೊಡಿಸಿದ್ದು. ಯಜಮಾನಿ ಏನೂ ಕೇಳಲಿಲ್ಲ. ಕೈಗವಸು ಬಿಚ್ಚಿಸಿದಳು, ಉಣ್ಣೆ ಕೋಣೆಯ ಕಬ್ಬಿಣದ ಒಲೆಗೆ ಹಾಕಿದಳು. ಇನ್ನು ಉಣ್ಣೆ ಮುಟ್ಟುವವರು ಯಾರೂ ಕೈಗವಸು ಹಾಕುವ ಹಾಗಿಲ್ಲ ಎಂದಳು. ನನ್ನ ನೀಲಿ ಕೈಗವಸೂ ಅದೇ ಒಲೆ ಸೇರಿತು.

ಯಜಮಾನಿಯ ಕತ್ತಿನಲ್ಲಿ ಒಂದು ಕೆಂಪು ಮಫ್ಲರ್ ಯಾವಾಗಲೂ ಇರುತ್ತಿತ್ತು. ಬಂದವರಿಗೆಲ್ಲ ಫೋಟೋ ತೆಗೆಯಲು ಹೇಳಿ ಕುರಿಯನ್ನು ಅಪ್ಪಿಕೊಂಡು ಕೂರುತ್ತಿದ್ದಳು. ದೊರೆಸಾನಿಯ ಅಂಗಿಯ ಕತ್ತುಪಟ್ಟಿಗೆ ಕೆಂಪು ನೂಲು ಅಂಟಿದ್ದನ್ನು ನಾನೇ ಎಷ್ಟು ಸಲ ಆರಿಸಿ ತೆಗೆದಿಲ್ಲ. ದೊರೆಸಾನಿ ಎಂದರೆ ನಮ್ಮ ಹಿಂಡಿನ ಎಲ್ಲಕ್ಕಿಂತ ನುಣುಪಾದ ಉಣ್ಣೆಯ ಕುರಿ. ಅಮ್ಮ ಇಟ್ಟ ಹೆಸರು. ಹೇಗಿದ್ದರೂ ಒಲೆಗೆ ಹೋದದ್ದು ನಮ್ಮ ಕೈಗವಸು. ಮಫ್ಲರಿನ ಮಾತೆತ್ತುವ ಧೈರ್ಯ ಆಗ ನನಗಿರಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟಿದೆ.

ಆಮೇಲೆ ಬರಿಗೈ. ಬೆಳಿಗ್ಗೆ ಎದ್ದರೆ ದೊಡ್ಡಿಯ ಆರು ಕಲ್ಲು ತೊಟ್ಟಿಗಳಲ್ಲಿ ನೀರು ಹೆಪ್ಪುಗಟ್ಟಿರುತ್ತಿತ್ತು. ಹಾರೆ ಹಾಕಿದರೆ ತೊಟ್ಟಿ ಸೀಳುತ್ತದೆ. ಮರದ ಕೊಡತಿಯಿಂದ ಕುಟ್ಟಿ, ಒಡೆದ ಚೂರುಗಳನ್ನು ಕೈಯಿಂದ ಎತ್ತಿ ಹೊರಗೆ ಹಾಕಬೇಕು. ಬಿಸಿನೀರು ಕೇಳಿದರೆ ಸೌದೆ ಎಲ್ಲಿಂದ ತರಲಿ ಎಂಬ ಉತ್ತರ. ಆಮೇಲೆ ಹುಲ್ಲು. ಆಮೇಲೆ ನಲವತ್ತೊಂದು ಅಂಗಿಗಳ ಪಟ್ಟಿ ಸಡಿಲವೋ ಬಿಗಿಯೋ ನೋಡುವುದು. ಆಮೇಲೆ ಉಣ್ಣೆ ಕೋಣೆಯಲ್ಲಿ, ಬೇಸಿಗೆಯಲ್ಲಿ ಕತ್ತರಿಸಿಟ್ಟ ಉಣ್ಣೆ ಆರಿಸುವ ಕೆಲಸ. ಅಲ್ಲಿ ಒಲೆ ಇತ್ತು, ಆದರೆ ವ್ಯಾಪಾರಿ ಬಂದಾಗ ಮಾತ್ರ ಉರಿಯುತ್ತಿತ್ತು. ಮಧ್ಯಾಹ್ನ ಹಳ್ಳದ ನೀರಿನಲ್ಲಿ ಉಣ್ಣೆ ಜಾಲಿಸುವುದು, ಹಿಂಡುವುದು, ಬಲೆಯ ಮೇಲೆ ಹರಡುವುದು. ಹಿಂಡಿದ ಉಣ್ಣೆ ಬಲೆಗೆ ಹಾಕುವಷ್ಟರಲ್ಲಿ ಸೆಟೆದುಕೊಳ್ಳುತ್ತಿತ್ತು. ನಮ್ಮ ಕೈಯೂ ಹಾಗೇ.

ನನ್ನ ಬೆರಳು ಕೆಂಪಾಗಿ ಊದಿ ಸಂಜೆ ಉರಿಯುತ್ತಿದ್ದವು. ಉರಿದರೆ ಒಳ್ಳೆಯದು. ಅಮ್ಮನ ಬೆರಳು ಮೊದಲು ಬೆಳ್ಳಗಾದವು, ಆಮೇಲೆ ಮೇಣದ ಬಣ್ಣಕ್ಕೆ ತಿರುಗಿದವು, ಆಮೇಲೆ ತುದಿ ಕಪ್ಪಾಯಿತು. ಉಣ್ಣೆಯ ಜಿಡ್ಡು ಹಿಡಿದು ಕಪ್ಪಾಗಿದೆ ಎಂದಳು. ನಾನು ನಂಬಿದೆ. ನಂಬುವುದು ಸುಲಭವಿತ್ತು, ನನಗೂ ಕೆಲಸ ತಲೆಮಟ್ಟ ಇತ್ತು. ಮುಂಚೆ ಉಣ್ಣೆ ಆರಿಸುವಾಗ ಅಮ್ಮ ಕುರಿಗಳನ್ನು ಒಂದೊಂದಾಗಿ ಬೈಯುತ್ತಾ ಕೂರುತ್ತಿದ್ದಳು. ಇದು ಅಳುಮುಂಜಿದು ನೋಡು, ಇದು ಜಗಳಗಂಟಿದು, ಹಿಂಗಾಲು ತಿಕ್ಕಿಕೊಂಡು ಉಣ್ಣೆಯೆಲ್ಲ ಹಾಳು ಮಾಡಿಕೊಂಡಿದೆ, ಹೀಗೆ. ಈ ಚಳಿಗಾಲದಲ್ಲಿ ಅವಳು ಸುಮ್ಮನೆ ಆರಿಸುತ್ತಿದ್ದಳು. ಬುಟ್ಟಿಗೆ ಹಾಕುವ ಮೊದಲು ಉಣ್ಣೆಯನ್ನು ಒಮ್ಮೆ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಚಳಿಗೆ ಹಾಗೆ ಮಾಡುತ್ತಾಳೆ ಅಂದುಕೊಂಡೆ.

ಕೈಗವಸಿನ ಯೋಚನೆ ಅಮ್ಮನದೇ. ಸಂತೆಯ ನೂಲು ಬೇಡ. ನಮ್ಮ ಕುರಿಗಳದೇ ಬಿಳಿ ಉಣ್ಣೆಯಲ್ಲಿ ಹೆಣೆದರೆ ಎಳೆ ಉದುರಿದರೂ ಉಣ್ಣೆಗೆ ಉಣ್ಣೆ ಸೇರುತ್ತದೆ, ಯಾರಿಗೇನು ನಷ್ಟ? ಅದೂ ಕಸದ ಬುಟ್ಟಿಯದು. ಬಾಲದ, ಹೊಟ್ಟೆಯ ಉಣ್ಣೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಅದನ್ನು ಕೇಳಿ ತೆಗೆದುಕೊಳ್ಳೋಣ ಎಂದೆ ನಾನು. ಕೇಳಿದರೆ ಇಲ್ಲ ಅನ್ನುತ್ತಾಳೆ, ಇಲ್ಲ ಅಂದ ಮೇಲೆ ತೆಗೆದುಕೊಂಡರೆ ಅದು ಕಳ್ಳತನ, ಕೇಳದೆ ತೆಗೆದುಕೊಂಡರೆ ಬರೀ ಕಸ ಎತ್ತಿದ ಹಾಗೆ ಎಂದಳು ಅಮ್ಮ. ಅವಳ ಲೆಕ್ಕಾಚಾರಕ್ಕೆ ನಾನು ನಕ್ಕೆ. ಅವಳೇ ಬುಟ್ಟಿಯಿಂದ ಒಂದು ತೆಕ್ಕೆ ಆರಿಸಿ ಕೊಟ್ಟಳು. ಬಾಲದ್ದು, ಒರಟು, ಗಟ್ಟಿ ಬರುತ್ತದೆ ಎಂದಳು. ನಾನು ತೊಳೆದೆ, ಒಣಗಿಸಿದೆ, ಹಿಂಜಿದೆ. ನನ್ನ ಬೆರಳು ಊದಿದ್ದವು, ತೊಳೆಯುವಾಗ ಏನೂ ತಿಳಿಯಲಿಲ್ಲ. ಆದಿತ್ಯವಾರ ಮಧ್ಯಾಹ್ನ ಅಟ್ಟದ ಮೇಲೆ ಕದಿರು ಹಿಡಿದು ನೂಲಲು ಕೂತೆ.

ಎರಡು ಮಾರು ಎಳೆದಿರಬಹುದು. ಕೈ ನಿಂತಿತು. ಎಳೆ ಬೆರಳಿಗೆ ತಾಗಿದ್ದೇ ಗೊತ್ತಾಗುತ್ತಿಲ್ಲ, ಅಷ್ಟು ನುಣುಪು. ಮೂಗಿನ ಕೆಳಗೆ ಹಿಡಿದು ನೋಡಿದೆ, ತುಟಿಗೆ ತಾಗಿಸಿ ನೋಡಿದೆ. ಬಾಲದ ಉಣ್ಣೆಯಲ್ಲ. ದೊರೆಸಾನಿಯ ಕತ್ತಿನ ಉಣ್ಣೆ.

“ಅಮ್ಮ, ಇದು ಯಾರದು?” ಎಂದು ಒಂದು ಚಿಟಿಕೆ ಅವಳ ಕೈಗಿಟ್ಟೆ.

ಅವಳು ತಿಕ್ಕಿದಳು. ತುಂಬ ಹೊತ್ತು ತಿಕ್ಕಿದಳು. ಕಪ್ಪು ತುದಿಗಳು ಒಂದರ ಮೇಲೊಂದು ಆಡಿದವು. ಆಮೇಲೆ ಉಣ್ಣೆಯನ್ನು ಕೆನ್ನೆಗೆ ಒತ್ತಿಕೊಂಡಳು, ಆಗಲೇ ಅವಳ ಮುಖ ಬಿಳಚಿಕೊಂಡಿತು.

“ಬಾಲದ್ದಲ್ವೇನೇ?” ಎಂದಳು.

ನಾನು ಅವಳ ತೋರುಬೆರಳು ಹಿಡಿದು ಚಿವುಟಿದೆ. ಉಗುರು ಇಳಿಯುವ ಹಾಗೆ ಚಿವುಟಿದೆ. ಅವಳು ನನ್ನ ಮುಖ ನೋಡುತ್ತಿದ್ದಳು. ಚಿವುಟಿದ್ದು ತಿಳಿಯಲೇ ಇಲ್ಲ. ಹತ್ತೂ ಬೆರಳಿಗೆ ಜೀವವಿರಲಿಲ್ಲ. ಅಂಗೈಯಲ್ಲೂ ಹೆಚ್ಚೇನೂ ಉಳಿದಿರಲಿಲ್ಲ. ಮಣಿಕಟ್ಟಿನಿಂದ ಮೇಲೆ ಸರಿಯಾಗಿತ್ತು.

ಎಷ್ಟು ದಿನದಿಂದ ಎಂದು ಕೇಳಿದೆ. ಮೊದಲ ಹಿಮ ಬಿದ್ದ ವಾರದಿಂದ ಎಂದಳು. ಅಂದರೆ ಅವಳು ಆರಿಸಿದ ನಾಲ್ಕು ಮೂಟೆ ಆಗಲೇ ಹೊಲಿದು ಯಜಮಾನಿಯ ಕೋಣೆ ಸೇರಿದ್ದವು. ಅದರಲ್ಲಿ ಯಾವುದು ಒಂದನೇ ತರ, ಯಾವುದು ಕಸ ಎಂದು ಯಾರಿಗೂ ಗೊತ್ತಿಲ್ಲ. ಎಷ್ಟು ದೊರೆಸಾನಿ ಗೊಬ್ಬರದ ಗುಂಡಿಗೆ ಹೋಯಿತೋ ಅದೂ ಗೊತ್ತಿಲ್ಲ. ಹೇಳಿಬಿಡೋಣ ಎಂದೆ. ಅಮ್ಮ ನನ್ನ ಬಾಯಿಗೆ ಆ ಸತ್ತ ಕೈ ಅಡ್ಡ ಇಟ್ಟಳು. ಬೆರಳಿಲ್ಲದ ಬೆರಳಮ್ಮನನ್ನು ಅಟ್ಟದ ಮೇಲೆ ಯಾರು ಇಟ್ಟುಕೊಳ್ಳುತ್ತಾರೆ ಎಂದಳು. ನನಗೂ ಉತ್ತರ ಗೊತ್ತಿತ್ತು.

ಮಾರನೇ ದಿನದಿಂದ ನಾನು ಆರಿಸಿದೆ. ಅಮ್ಮ ಪಕ್ಕದಲ್ಲಿ ಕೂತು ಕೈ ಆಡಿಸುತ್ತಿದ್ದಳು. ಹನ್ನೊಂದು ವರ್ಷ ಅವಳ ಮಗ್ಗುಲಲ್ಲೇ ಕೂತು ಕಲಿತವಳು ನಾನು, ಆದರೆ ಆರಿಸುವ ಕೆಲಸ ಅವಳದು ಎಂದು ಎಂದೂ ಕೈ ಹಾಕಿರಲಿಲ್ಲ. ಈಗ ತಪ್ಪುತ್ತಾ ತಪ್ಪುತ್ತಾ ಸರಿಹೋಯಿತು. ಪೇಟೆಯ ಔಷಧಿ ಅಂಗಡಿಯವನು ಕೈ ನೋಡಿ, ಬೆಚ್ಚಗಿಟ್ಟುಕೊಳ್ಳಿ ಅಮ್ಮ, ಇಲ್ಲದಿದ್ದರೆ ಕತ್ತರಿಸಬೇಕಾಗುತ್ತದೆ ಎಂದ. ಎಷ್ಟು ಸುಲಭದ ಮಾತು. ತೊಳೆದು ಹಿಂಜಿದ ದೊರೆಸಾನಿಯ ಉಣ್ಣೆಯನ್ನು ಬುಟ್ಟಿಗೆ ವಾಪಸ್ಸು ಹಾಕುವಂತಿರಲಿಲ್ಲ. ಜಿಡ್ಡಿನ ಉಣ್ಣೆಯ ನಡುವೆ ತೊಳೆದದ್ದು ಎದ್ದು ಕಾಣುತ್ತದೆ. ಸುಡಬಹುದಿತ್ತು. ನಾನು ಸುಡಲಿಲ್ಲ. ನೂತು ಹೆಣೆದೆ. ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕಕ್ಕೆ ಒಂದೇ ಮನೆ. ಹೆಣೆದದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅಮ್ಮ ಅದನ್ನು ಅಟ್ಟದ ಮೇಲೆ ಮಾತ್ರ ಹಾಕಿಕೊಳ್ಳುತ್ತಿದ್ದಳು, ಕೆಳಗೆ ಬರುವಾಗ ಶಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಬಿಟ್ಟು ಬರಲು ಹೆದರಿಕೆ. ಯಜಮಾನಿ ಅಟ್ಟ ಹತ್ತಿ ನಮ್ಮ ಗಂಟುಮೂಟೆ ಕೆದಕುವುದು ಹೊಸದೇನಲ್ಲ.

ಇನ್ನು ಉಳಿದದ್ದು ವ್ಯಾಪಾರಿಯ ಆಟ. ಅದಕ್ಕೂ ದಾರಿ ಹುಡುಕಿದೆವು. ಕಣ್ಣು ಕಟ್ಟಿದ ಮೇಲೆ ಮುದುಕಿ ತಡವರಿಸಬಾರದು ಎಂಬ ನೆಪದಲ್ಲಿ ನಾನು ಅವಳ ಮಣಿಕಟ್ಟು ಹಿಡಿದುಕೊಳ್ಳುವುದು. ಉಣ್ಣೆ ಮೊದಲು ನನ್ನ ಕೈಗೆ ಬರುತ್ತದೆ. ಅದನ್ನು ತಿಕ್ಕಿ ನೋಡಿ ಅವಳ ಅಂಗೈಗೆ ಇಡುವಾಗ ಮಣಿಕಟ್ಟು ಒತ್ತುವುದು. ಐದು ಕುರಿಗೆ ಐದು ಗುರುತು: ಒಂದು ಒತ್ತು ದೊರೆಸಾನಿ, ಎರಡು ಕಿವುಡಿ, ಮೂರು ಬೊಜ್ಜ, ನಾಲ್ಕು ಜಗಳಗಂಟಿ, ಐದು ಅಳುಮುಂಜಿ. ಹದಿನೈದು ದಿನ ಅಟ್ಟದ ಮೇಲೆ ಅಭ್ಯಾಸ ಮಾಡಿದೆವು. ಅಮ್ಮ ಚೆನ್ನಾಗಿ ನಟಿಸಿದಳು. ನಾನು ಒತ್ತಿದ ಮೇಲೂ ಬೆರಳು ತಿಕ್ಕಿ, ತಲೆ ಓರೆ ಮಾಡಿ, ಸ್ವಲ್ಪ ಹೊತ್ತು ಕಾಯಿಸಿ ಹೇಳುತ್ತಿದ್ದಳು. ಒಂದು ದಿನ ಮುಖ ತಿರುಗಿಸಿಕೊಂಡು ಅತ್ತಳು. ನನ್ನ ಕೆಲಸದಲ್ಲಿ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ ಕಣೇ ಎಂದಳು.

ವ್ಯಾಪಾರಿ ಬಂದ ದಿನ ಉಣ್ಣೆ ಕೋಣೆಯ ಒಲೆ ಉರಿಯಿತು. ನೆಲಕ್ಕೆ ಜಮಖಾನ ಬಿತ್ತು. ಕೆಟಲಿನಲ್ಲಿ ಟೀ ಕುದಿಯುತ್ತಿತ್ತು. ನಾಲ್ಕು ಮೂಟೆ, ಮತ್ತೆ ನಾನು ಆರಿಸಿದ ಎರಡು, ಗೋಡೆಗೆ ಸಾಲಾಗಿ ನಿಂತಿದ್ದವು. ವ್ಯಾಪಾರಿ ಒಳ್ಳೆಯ ಮಾತಿನವನು. ಚೆನ್ನಾಗಿದೀಯೇನಮ್ಮ ಬೆರಳಮ್ಮ ಎಂದು ಕೇಳಿ ಕರವಸ್ತ್ರ ಕಟ್ಟಿದ. ಅಮ್ಮನ ಬೆರಳಿಗೆ ನಾನು ಬೆಳಿಗ್ಗೆಯೇ ಜಿಡ್ಡು, ಬೂದಿ ಬಳಿದಿದ್ದೆ. ಕೆಲಸದ ಕೊಳೆಯೋ ಸತ್ತ ಚರ್ಮವೋ ತಿಳಿಯದ ಹಾಗಿತ್ತು.

ಮೊದಲನೆಯದು ಬೊಜ್ಜನದು. ಮೂರು ಒತ್ತಿದೆ. ಅಮ್ಮ ಹೇಳಿದಳು. ಎರಡನೆಯದು ದೊರೆಸಾನಿ. ಹೇಳಿದಳು. ಮೂರನೆಯದು ನನ್ನ ಕೈಗೆ ಬಂತು. ಅದೂ ದೊರೆಸಾನಿಯದೇ ಅನ್ನಿಸಿತು. ಒಂದೇ ಕುರಿಯದು ಎರಡು ಸಲ ಯಾವತ್ತೂ ಕೊಟ್ಟವನಲ್ಲ. ಮತ್ತೆ ತಿಕ್ಕಿದೆ. ಹೌದು, ದೊರೆಸಾನಿ. ಒಂದೇ ಒತ್ತು ಒತ್ತಿದೆ. ಅಮ್ಮ ತಲೆ ಓರೆ ಮಾಡಿದಳು, ಬೆರಳು ಆಡಿಸಿದಳು.

“ಇದೂ ದೊರೆಸಾನಿನೇ. ನನ್ನ ಹತ್ರಾನೇ ಆಟ ಆಡ್ತೀರಾ ಸಾಹೇಬ್ರೇ?” ಎಂದಳು.

ವ್ಯಾಪಾರಿ ತೊಡೆ ತಟ್ಟಿಕೊಂಡು ನಕ್ಕ. ಉಳಿದ ಎರಡೂ ಸರಿಯಾದವು. ಈ ಬೆರಳು ಮಣ್ಣಿಗೆ ಹೋಗಬಾರದಮ್ಮ, ನನಗೆ ಕೊಟ್ಟುಬಿಡು ಎಂದ. ಯಜಮಾನಿಯೂ ನಕ್ಕಳು. ಅಮ್ಮ ಕರವಸ್ತ್ರ ಬಿಚ್ಚಿಕೊಂಡು, ನಿಜವಾಗಿ ಗೆದ್ದವಳ ಹಾಗೆ ನಗುತ್ತಾ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು. ಶಾಲಿನ ಮಡಿಕೆ ಬಿಚ್ಚಿತು. ಕೈಗವಸು ಎರಡೂ ಜಮಖಾನದ ಮೇಲೆ ಬಿದ್ದವು. ಬೆರಳಲ್ಲಿ ಜೀವವಿದ್ದಿದ್ದರೆ ಜಾರುವಾಗಲೇ ಹಿಡಿದುಕೊಳ್ಳುತ್ತಿದ್ದಳು. ಅವಳಿಗೆ ಗೊತ್ತೇ ಆಗಲಿಲ್ಲ. ಇನ್ನೂ ನಗುತ್ತಲೇ ಇದ್ದಳು.

ವ್ಯಾಪಾರಿ ಬಗ್ಗಿ ಎತ್ತಿಕೊಂಡ. ಅವನ ಹೆಬ್ಬೆರಳೂ ಕಸುಬಿನದೇ. ತಾನಾಗಿಯೇ ತಿಕ್ಕಿತು.

“ಇದು ದೊರೆಸಾನಿ ಉಣ್ಣೆ ಅಲ್ವಾ?” ಎಂದ.

ಯಜಮಾನಿ ಅವನ ಕೈಯಿಂದ ಕಸಿದುಕೊಂಡು ನೋಡಿದಳು. ಅಮ್ಮ ಇದ್ದದ್ದು ಇದ್ದಹಾಗೆ ಹೇಳಿದಳು. ಕಸದ ಬುಟ್ಟಿಯಿಂದ ಎತ್ತಿದ್ದು ಅಮ್ಮಾವ್ರೇ, ಬಾಲದ್ದು ಅಂದುಕೊಂಡೆ, ದೇವರಾಣೆ ಗೊತ್ತಾಗಲಿಲ್ಲ ಎಂದಳು.

“ಗೊತ್ತಾಗ್ಲಿಲ್ವಾ?” ಎಂದಳು ಯಜಮಾನಿ. “ಕಣ್ಣು ಕಟ್ಟಿದ್ರೂ ಐದಕ್ಕೆ ಐದು ಹೇಳ್ದೆ ಈಗ. ಎರಡು ಸಲ ದೊರೆಸಾನಿ ಅಂದೆ. ಕಣ್ಣು ಬಿಟ್ಕೊಂಡು ಆರಿಸುವಾಗ ಬಾಲ ಯಾವ್ದು ಕತ್ತು ಯಾವ್ದು ಗೊತ್ತಾಗ್ಲಿಲ್ವಾ?”

ವ್ಯಾಪಾರಿ ಅಯ್ಯೋ ಎಂದು ನಕ್ಕುಬಿಟ್ಟ. ನಾವು ಹದಿನೈದು ದಿನ ಕೂತು ಕಲಿತ ಸುಳ್ಳು ನಮ್ಮ ಕೊರಳಿಗೇ ಬಂದು ಬಿತ್ತು. ಅಮ್ಮ ನನ್ನ ಕಡೆ ನೋಡಿದಳು. ಬಾಯಿ ಬಿಡಬೇಡ ಎಂದು ಕಣ್ಣಲ್ಲೇ ಹೇಳಿದಳು. ಕಳ್ಳಿ ಎಂದು ಬೈಸಿಕೊಂಡರೂ ಪರವಾಗಿಲ್ಲ, ಬೆರಳು ಸತ್ತದ್ದು ಗೊತ್ತಾಗಬಾರದು. ಕಳ್ಳಿಯನ್ನು ಬೈದು ಇಟ್ಟುಕೊಳ್ಳಬಹುದು, ಕೆಲಸಕ್ಕೆ ಬಾರದವಳನ್ನು ಇಟ್ಟುಕೊಳ್ಳುವುದಿಲ್ಲ. ಅವಳು ಯಜಮಾನಿಗೆ ಕೈ ಮುಗಿದಳು.

“ತಪ್ಪಾಯ್ತು ಅಮ್ಮಾವ್ರೇ. ಆಸೆ ಆಯ್ತು, ತಗೊಂಡೆ” ಎಂದಳು.

ನನ್ನ ತಾಯಿ ಮಾಡದ ಕಳ್ಳತನ ಒಪ್ಪಿಕೊಂಡಳು.

ಯಜಮಾನಿಗೆ ಅಷ್ಟು ಸಾಕಾಗಲಿಲ್ಲ. ವ್ಯಾಪಾರಿ ಎದುರಿಗಿದ್ದ. ತನ್ನ ಮನೆಯ ಶಿಸ್ತು ತೋರಿಸಬೇಕಿತ್ತು. ಕೈಗವಸನ್ನು ಅಮ್ಮನ ಮುಂದೆ ಎಸೆದು, ಇಲ್ಲೇ ಕೂತು ಬಿಚ್ಚು, ಕೊನೆಯ ಎಳೆತನಕ ಬಿಚ್ಚಿ ಉಂಡೆ ಸುತ್ತಿ ನನ್ನ ಕೈಗೆ ಕೊಡು ಎಂದಳು.

ಅಮ್ಮ ನೆಲದ ಮೇಲೆ ಕೂತಳು. ಜಮಖಾನದ ಮೇಲಲ್ಲ, ಅದನ್ನು ಬಿಟ್ಟು ಬರಿನೆಲದ ಮೇಲೆ. ಹೆಣಿಗೆಯ ಕೊನೆಯ ಗಂಟು ಹುಡುಕತೊಡಗಿದಳು. ಆ ಗಂಟು ಎಲ್ಲಿದೆ ಎಂದು ನನಗೆ ಗೊತ್ತು, ನಾನೇ ಹಾಕಿದ್ದು. ಅವಳ ಬೆರಳು ಗಂಟಿನ ಮೇಲೇ ಹೋಗಿ ಹೋಗಿ ಜಾರುತ್ತಿತ್ತು. ಗಂಟು ಸಣ್ಣದು, ಬಿಳಿಯದರ ಮೇಲೆ ಬಿಳಿಯದು, ಕಣ್ಣಿಗೂ ಸಿಗುವುದಿಲ್ಲ. ವ್ಯಾಪಾರಿ ಒಂದು ಲೋಟ ಟೀ ಕುಡಿದು ಮುಗಿಸಿದ. ಅಮ್ಮ ಇನ್ನೂ ಹುಡುಕುತ್ತಿದ್ದಳು. ಹಲ್ಲಿನಿಂದ ಕಚ್ಚಲು ಹೋದಳು. ಬಾಯಿ ಹಚ್ಚಬೇಡ ಉಣ್ಣೆಗೆ ಎಂದು ಯಜಮಾನಿ ಕೂಗಿದಳು. ನಾಟಕ ಮಾಡುತ್ತಾಳೆ ನೋಡಿ ಎಂದು ವ್ಯಾಪಾರಿಗೆ ಹೇಳಿದಳು.

ನನಗೆ ತಡೆಯಲಾಗಲಿಲ್ಲ.

“ನಾಟಕ ಅಲ್ಲ. ಅವಳ ಬೆರಳು ಸತ್ತುಹೋಗಿದೆ. ನೀವು ಗ್ಲೌಸು ಸುಟ್ರಲ್ಲ, ಆವತ್ತಿಂದ” ಎಂದೆ.

ಸುಳ್ಳು ಎಂದಳು ಯಜಮಾನಿ. ಮುದುಕಿ ಸುಳ್ಳು ಹೇಳಿಯಾಯಿತು, ಈಗ ಮಗಳು ಶುರುಮಾಡಿದಳೇ ಎಂದಳು. ಹಾಗೆನ್ನುತ್ತಲೇ ಒಲೆಯ ಮೇಲಿನ ಕೆಟಲನ್ನು ಬಟ್ಟೆ ಹಿಡಿದು ಎತ್ತಿಕೊಂಡಳು. ಏನು ಮಾಡುತ್ತಾಳೆ ಎಂದು ನನಗೆ ಹೊಳೆಯುವಷ್ಟರಲ್ಲಿ ಬಗ್ಗಿ, ಅದರ ತಳವನ್ನು ಅಮ್ಮನ ಬಲಗೈಯ ಬೆರಳುಗಳಿಗೆ ಹಚ್ಚಿ ಹಿಡಿದಳು.

ಅಮ್ಮ ತಲೆ ಬಗ್ಗಿಸಿಕೊಂಡು ಎಡಗೈಯಲ್ಲಿ ಗಂಟು ಹುಡುಕುತ್ತಲೇ ಇದ್ದಳು.

ಸಣ್ಣಗೆ ಚುರ್ ಎಂದಿತು. ವಾಸನೆ ಬಂತು. ನಾನು ಕಿರುಚಿದೆ. ಅಮ್ಮ ಗಾಬರಿಯಾಗಿ ತಲೆ ಎತ್ತಿ ನನ್ನನ್ನು ನೋಡಿದಳು.

“ಏನಾಯ್ತೇ?” ಎಂದಳು.

ನಾನು ಯಜಮಾನಿಯನ್ನು ತಳ್ಳಿದೆ. ಕೆಟಲ್ ಉರುಳಿ ಜಮಖಾನದ ಮೇಲೆ ಟೀ ಹರಿಯಿತು. ಅಮ್ಮ ತನ್ನ ಕೈ ತಿರುಗಿಸಿ ನೋಡಿಕೊಂಡಳು. ಬೇರೆಯವರ ಕೈ ನೋಡುವ ಹಾಗೆ ನೋಡಿಕೊಂಡಳು. ವ್ಯಾಪಾರಿ ಎದ್ದು ಕಿಟಕಿ ತೆರೆದ, ವಾಸನೆ ಹೋಗಲಿ ಎಂದು. ಯಜಮಾನಿಯ ಮುಖದಲ್ಲಿ ಈಗ ಏನಾದರೂ ಮೂಡುತ್ತದೆ ಎಂದು ನಾನು ಕಾದೆ. ಅವಳು ಅಮ್ಮನ ಕೈ ನೋಡಲಿಲ್ಲ. ಗೋಡೆಗೆ ನಿಂತ ಮೂಟೆ ನೋಡಿದಳು.

“ಹಾಗಾದ್ರೆ ಆ ನಾಲ್ಕು ಮೂಟೆ?” ಎಂದಳು.

ವ್ಯಾಪಾರಿ ಚಾಕು ತೆಗೆದು ಒಂದು ಮೂಟೆಯ ಹೊಲಿಗೆ ಹರಿದ. ಕೈ ಹಾಕಿದ. ಒಂದು ಹಿಡಿ ಎಳೆದ, ಇನ್ನೊಂದು ಹಿಡಿ ಎಳೆದ. ನುಣುಪು, ಒರಟು, ಬಾಲ, ಕತ್ತು ಎಲ್ಲ ಕಲಸಿಕೊಂಡಿತ್ತು. ಈ ಮಾಲು ನನಗೆ ಬೇಡ ಎಂದ. ಅಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳು ಸುಟ್ಟದ್ದಕ್ಕೆ ಅಳದವಳು ಆ ಮೂಟೆಗೆ ಅತ್ತಳು. ಅದು ಅವಳ ಕೆಲಸವಾಗಿತ್ತು.

ಆಗ ಯಜಮಾನಿಯ ಬುದ್ಧಿ ಚುರುಕಾಯಿತು. ಐದಕ್ಕೆ ಐದು ಹೇಳಿದ್ದು ಯಾರು ಹಾಗಾದರೆ ಎಂದು ನನ್ನ ಕಡೆ ತಿರುಗಿದಳು. ಮಣಿಕಟ್ಟು ಹಿಡಿದಿದ್ದು ನೆನಪಾಗಿರಬೇಕು. ದನಿ ಒಮ್ಮೆಲೇ ಮೆತ್ತಗಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನನ್ನು ಹುಡುಗಿ ಎನ್ನದೆ ನೋಡಮ್ಮ ಎಂದಳು. ನೀನು ಕೂತು ಆ ನಾಲ್ಕು ಮೂಟೆ ಬಿಚ್ಚಿ ಮತ್ತೆ ಆರಿಸು, ಸಾಹೇಬರು ಹದಿನೈದು ದಿನ ಬಿಟ್ಟು ಬರುತ್ತಾರೆ, ನಿಮ್ಮಮ್ಮ ಅಟ್ಟದ ಮೇಲೆ ಇರಲಿ, ನಾನು ಏನೂ ಅನ್ನುವುದಿಲ್ಲ ಎಂದಳು. ವ್ಯಾಪಾರಿ ತಲೆಯಾಡಿಸಿದ. ಆಮೇಲೆ ಅವಳು ನೆಲದ ಮೇಲಿದ್ದ ಕೈಗವಸನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

“ಮೊದ್ಲು ಇದನ್ನ ಬಿಚ್ಚು. ಕಳ್ಳತನ ಕಳ್ಳತನಾನೇ. ಬರಿಗೈಲಿ ಕೂತ್ಕೋಬೇಕು, ಅದೇನೂ ಬದಲಾಗಲ್ಲ.”

ಅಮ್ಮ ನನ್ನ ಸೆರಗು ಜಗ್ಗಿದಳು. ಬೆರಳು ಹಿಡಿಯದೆ ಸೆರಗು ಜಾರಿ ಜಾರಿ ಹೋಗುತ್ತಿತ್ತು. ಒಪ್ಪಿಕೋ, ಹಿಮ ಬೀಳುತ್ತಿದೆ, ಎಲ್ಲಿಗೆ ಹೋಗುವುದು, ಒಪ್ಪಿಕೋ ನನ್ನವ್ವ ಎಂದಳು. ನನಗೂ ಹಿಮ ಕಾಣುತ್ತಿತ್ತು, ಕಿಟಕಿ ತೆರೆದೇ ಇತ್ತು. ಅಟ್ಟ ಬೆಚ್ಚಗಿತ್ತು, ಅದೂ ಗೊತ್ತಿತ್ತು. ನನ್ನ ಕೈಗಳನ್ನು ನೋಡಿಕೊಂಡೆ. ತುದಿ ಇನ್ನೂ ಕೆಂಪಾಗಿಯೇ ಇತ್ತು. ಇನ್ನೊಂದು ಚಳಿಗಾಲ. ಹೆಚ್ಚೆಂದರೆ ಎರಡು.

“ಬಿಚ್ಚಲ್ಲ” ಎಂದೆ.

ಏನಂದೆ ಎಂದಳು ಯಜಮಾನಿ.

ನಾನು ವ್ಯಾಪಾರಿ ಹರಿದಿಟ್ಟ ಮೂಟೆಯ ಹತ್ತಿರ ಹೋಗಿ ಕೈ ಹಾಕಿದೆ. ಮೊಣಕೈವರೆಗೆ ಹಾಕಿ ಹುಡುಕಿದೆ. ಒರಟು, ಒರಟು, ಹೊಟ್ಟೆಯದು, ತೊಡೆಯದು. ಆಮೇಲೆ ಸಿಕ್ಕಿತು. ಒಂದು ದೊಡ್ಡ ಹಿಡಿ ದೊರೆಸಾನಿ, ಕತ್ತಿನದು, ಒಂದನೇ ತರ. ಅದನ್ನು ಬಿಡಿಸಿ ಅಮ್ಮನ ಸುಟ್ಟ ಬೆರಳಿಗೆ ಒಂದೊಂದಕ್ಕೂ ಸುತ್ತಿದೆ. ಅದರ ಮೇಲೆ ಕೈಗವಸು ತೊಡಿಸಿದೆ. ಎಡಗೈಗೂ ತೊಡಿಸಿದೆ. ನಾನು ಯಜಮಾನಿಯ ಮುಖ ನೋಡಿದೆ.

“ಇಷ್ಟು ದಿನ ನಾವು ಕದ್ದಿರ್ಲಿಲ್ಲ. ಇದು ಕದ್ದದ್ದು. ನೋಡ್ಕೋ, ನಿನ್ನ ಕಣ್ಣೆದುರಿಗೇ ಕದ್ದೆ.”

ಏಕವಚನ ತಾನಾಗಿಯೇ ಬಂತು. ನಾನು ಅಮ್ಮನನ್ನು ಎಬ್ಬಿಸಿ ಬಾಗಿಲ ಕಡೆ ನಡೆದೆ. ಹೊರಗೆ ಹೋದರೆ ಮತ್ತೆ ಈ ದೊಡ್ಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ, ಎಲ್ಲಿಯೂ ಕೆಲಸ ಸಿಗದ ಹಾಗೆ ಮಾಡುತ್ತೇನೆ, ಸಾಹೇಬರೇ ಸಾಕ್ಷಿ ಎಂದು ಯಜಮಾನಿ ಕೂಗುತ್ತಿದ್ದಳು. ಅದನ್ನು ಅವಳು ಮಾಡಿಯೂ ತೋರಿಸಿದಳು. ಆ ಸೀಮೆಯಲ್ಲಿ ಉಣ್ಣೆಯ ಕೆಲಸ ನಮಗೆ ಮತ್ತೆ ಸಿಗಲಿಲ್ಲ.

ಅಟ್ಟಕ್ಕೆ ಹೋಗಿ ಕಂಬಳಿ, ಎರಡು ಪಾತ್ರೆ, ಕದಿರು ಕಟ್ಟಿಕೊಂಡೆ. ಇಳಿಯುವಾಗ ಕುರಿಗಳು ಅಂಗಿ ತೊಟ್ಟು ಸಾಲಾಗಿ ನಿಂತಿದ್ದವು. ಮೊಳೆಯ ಮೇಲಿದ್ದ ನಮ್ಮ ಎರಡು ಲೋಟ ತೆಗೆದುಕೊಳ್ಳಲಿಲ್ಲ.

ದೊಡ್ಡ ರಸ್ತೆಗೆ ಎರಡು ಮೈಲಿ. ಹಗಲಿದ್ದರೂ ಹಿಮ ಬೀಸಿ ಕಣ್ಣು ಬಿಡಲಾಗುತ್ತಿರಲಿಲ್ಲ. ಅಮ್ಮ ಕೈಗಳನ್ನು ಶಾಲಿನೊಳಗೆ ಹುದುಗಿಸಿಕೊಂಡು ನನ್ನ ಹಿಂದೆ ಬರುತ್ತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ದೂರ ಬಂದ ಮೇಲೆ, ಸಂಜೆ ತೊಟ್ಟಿಗೆ ನೀರು ಯಾರು ಹಾಕುತ್ತಾರೆ ಎಂದು ಕೇಳಿದಳು. ಅವರೇ ಹಾಕಿಕೊಳ್ಳಲಿ ಬಿಡು ಎಂದೆ. ಕುರಿಗಳಿಗೆ ಬಾಯಾರಿಕೆಯಾಗುತ್ತದೆ ಎಂದಳು.

ಹಳ್ಳ ದಾಟಿದ ಮೇಲೆ ನಿಂತಳು.

“ಗ್ಲೌಸು ಇದೆಯೇನೇ ಕೈಲಿ? ಬಿದ್ದುಹೋಯ್ತೋ ಏನೋ, ನೋಡು.”

ನಾನು ಗಂಟು ಇಳಿಸಿ ಅವಳ ಶಾಲು ಸರಿಸಿದೆ. ಎರಡೂ ಇದ್ದವು. ಬಲಗೈಯದರ ಬಾಯಿಂದ ದೊರೆಸಾನಿಯ ಉಣ್ಣೆ ಸ್ವಲ್ಪ ಹೊರಗೆ ಬಂದಿತ್ತು. ಒಳಗೆ ತುರುಕಿದೆ. ಇದೆ ಅಮ್ಮ ಎಂದೆ.

ಅವಳು ನನ್ನನ್ನೇ ನೋಡುತ್ತಾ ನಿಂತಿದ್ದಳು.

“ಬೆಚ್ಚಗಿದೆಯಾ?” ಎಂದು ಕೇಳಿದಳು.

ನಾನು ಕೈಗವಸಿನ ಬಾಯೊ‌ಳಗೆ ನನ್ನ ಎರಡು ಬೆರಳು ತೂರಿಸಿ ನೋಡಿದೆ.

“ಬೆಚ್ಚಗಿದೆ ಅಮ್ಮ” ಎಂದೆ.